ಚಂದಾ ಪುಸ್ತಕದಲ್ಲಿ ಮೂವತ್ತರೊಳಗಿನವರು ಏಕಿಲ್ಲ?

ಪ್ರಶ್ನೆ: ಶಿರಸಿಯಿಂದ ಹೊರಡುವ ಎಂಟು ಪುಟಗಳ ಕನ್ನಡ ವಾರಪತ್ರಿಕೆಯೊಂದನ್ನು ತಂದೆಯವರ ನಂತರ ನಾನು ನಡೆಸುತ್ತಿದ್ದೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಗೆ ಅಂಚೆಯಲ್ಲಿ ಹೋಗುವ ಚಂದಾ ಪ್ರತಿಗಳೇ ನಮ್ಮ ಆಧಾರ. ಘಟ್ಟದ ಕೆಳಗೆ ಕುಮಟಾ, ಕಾರವಾರಗಳಲ್ಲಿ ಅಂಗಡಿ ಮಾರಾಟ ಅಷ್ಟಿಷ್ಟು ಇದೆ. ಈ ಸಲ ಚಂದಾ ಪುಸ್ತಕವನ್ನು ಹೊಸದಾಗಿ ಬರೆಯಲು ಕುಳಿತಾಗ ಪ್ರತಿ ಪುಟದಲ್ಲೂ ಎರಡು ಮೂರು ಹೆಸರುಗಳ ಮುಂದೆ 'ನಿಧನ' ಎಂದು ಗುರುತು ಹಾಕಬೇಕಾಯಿತು. ಆ ಮನೆಗಳಿಗೆ ಫೋನ್ ಮಾಡಿದರೆ 'ಅಪ್ಪ ಓದುತ್ತಿದ್ದರು, ನಾವ್ಯಾರೂ ಓದುವುದಿಲ್ಲ, ನಿಲ್ಲಿಸಿಬಿಡಿ' ಎನ್ನುತ್ತಾರೆ. ಮೂವತ್ತು ವರ್ಷದೊಳಗಿನ ಚಂದಾದಾರರನ್ನು ಎಣಿಸಲು ಎರಡು ಕೈಯ ಬೆರಳುಗಳೇ ಹೆಚ್ಚಾದವು. ಬಣ್ಣದ ಸಿನಿಮಾ ಪುಟ ಮಾಡಿ, ಭಾಷೆಗೆ ಸ್ವಲ್ಪ ಇಂಗ್ಲಿಷ್ ಬೆರೆಸು ಎಂದು ಅಚ್ಚುಕೂಟದ ಗೆಳೆಯರು ಹೇಳುತ್ತಾರೆ. ಪುಟಗಳನ್ನೇ ಬಿಟ್ಟು ರೀಲ್ಸ್ ಮಾಡು ಎಂದು ಅಕ್ಕನ ಮಗ ಹೇಳುತ್ತಾನೆ. ತಮ್ಮ ಕಾಲೇಜಿಗೆ ಇನ್ನೂರು ಪ್ರತಿಗಳನ್ನು ಉಚಿತವಾಗಿ ಕೊಡಿ, ಹುಡುಗರಿಗೆ ರೂಢಿಯಾಗುತ್ತದೆ ಎಂದು ಪರಿಚಯದ ಪ್ರಾಂಶುಪಾಲರು ಹೇಳುತ್ತಾರೆ. ನನ್ನ ಕೈಯಲ್ಲಿರುವ ಹಣ ಒಂದು ಪ್ರಯೋಗಕ್ಕೆ ಮಾತ್ರ ಸಾಕು. ಯಾವುದನ್ನು ಮಾಡಲಿ? ತಂದೆಯವರ ಕಾಲದಿಂದ ಬರುತ್ತಿರುವ ಅಡಿಕೆ ಧಾರಣೆಯ ಅಂಕಣ ಹಳೆಯದೆನ್ನಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಅದನ್ನು ತೆಗೆಯಬೇಕೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಹಳೆಯ ಓದುಗರು ತೀರಿಕೊಳ್ಳುತ್ತಿರುವುದು ಒಂದು, ಅವರ ಜಾಗಕ್ಕೆ ಹೊಸಬರು ಬಾರದಿರುವುದು ಇನ್ನೊಂದು. ಮೊದಲನೆಯದಕ್ಕೆ ಯಾರಲ್ಲೂ ಮದ್ದಿಲ್ಲ. ಎರಡನೆಯದರ ಬಗ್ಗೆ, ಹುಬ್ಬಳ್ಳಿಯಲ್ಲಿ ಅಚ್ಚಾಗುತ್ತಿದ್ದ ಒಂದು ದಿನಪತ್ರಿಕೆಯ ಪ್ರಸಾರ ವಿಭಾಗದಲ್ಲಿ ಹನ್ನೊಂದು ವರ್ಷ, ಆಮೇಲೆ ಅದರ ಪುರವಣಿ ವಿಭಾಗದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ ಈಗ ಕಾರವಾರದಲ್ಲಿ ನೆಲೆಸಿರುವ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಯುವಕರನ್ನು ಸೆಳೆಯುವ ಪ್ರಯತ್ನಗಳಲ್ಲಿ ನಾನೇ ಸೋತದ್ದೂ ಇದೆ, ಅದನ್ನೂ ಮುಚ್ಚಿಡುವುದಿಲ್ಲ.

ಮೊದಲು ನಿಮ್ಮ ಸುತ್ತಲಿನವರು ನಂಬಿಕೊಂಡಿರುವ ಎರಡು ಮಾತುಗಳನ್ನು ಪರೀಕ್ಷಿಸೋಣ. 'ಈಗಿನ ಹುಡುಗರಿಗೆ ಸುದ್ದಿಯೇ ಬೇಡ' ಎಂಬುದು ಮೊದಲನೆಯದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ನಂತರದ ದಿನಗಳನ್ನು ನೆನಪಿಸಿಕೊಳ್ಳಿ. ಗಂಗಾವಳಿ ನದಿಯಲ್ಲಿ ಮುಳುಗಿದ, ಕೇರಳದ ಚಾಲಕನ ಲಾರಿ ಸೆಪ್ಟೆಂಬರ್ 25ರಂದು ಮೇಲೆ ಬರುವವರೆಗೆ ನಮ್ಮ ಬೀದಿಯ ಹುಡುಗರು ಶೋಧ ಎಲ್ಲಿಗೆ ಬಂತು, ಇಂದು ನದಿಯ ಸೆಳೆತ ಎಷ್ಟಿದೆ, ಯಂತ್ರ ಎಲ್ಲಿಂದ ಬರುತ್ತಿದೆ ಎಂಬುದನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದರು. ಅವರಲ್ಲಿ ಕೆಲವರು, ಭಾಷೆ ಬಾರದಿದ್ದರೂ, ಕೇರಳದ ವಾಹಿನಿಗಳ ನೇರಪ್ರಸಾರವನ್ನು ಫೋನಿನಲ್ಲಿ ನೋಡುತ್ತಿದ್ದರು. ಅದಕ್ಕೂ ಎರಡು ವರ್ಷ ಮೊದಲು, 2022ರಲ್ಲಿ, ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಸಾಮಾಜಿಕ ಜಾಲತಾಣಗಳಲ್ಲಿ ಎದ್ದಾಗ ಅದನ್ನು ಹೊತ್ತು ಸಾಗಿದವರಲ್ಲಿ ಹೆಚ್ಚಿನವರು ಇದೇ ವಯಸ್ಸಿನವರು. ಅವರಿಗೆ ಸುದ್ದಿ ಬೇಕು. ಅದು ನಮ್ಮ ಕಾಗದದ ಮೂಲಕವೇ ಬರಬೇಕೆಂಬ ಹಟ ಅವರಿಗಿಲ್ಲ.

ಎರಡನೆಯ ಮಾತು ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಸಮಾಧಾನ ಕೊಡುತ್ತದೆ: 'ಮದುವೆಯಾಗಿ ಮನೆ ಮಾಡಿದ ಮೇಲೆ ತಾವಾಗಿಯೇ ಪತ್ರಿಕೆ ಹಾಕಿಸಿಕೊಳ್ಳುತ್ತಾರೆ.' ನಾನು ಕೆಲಸಕ್ಕೆ ಸೇರಿದಾಗ ನಮ್ಮ ಮ್ಯಾನೇಜರರೂ ಇದನ್ನೇ ಹೇಳುತ್ತಿದ್ದರು. ಆದರೆ ಅಮೆರಿಕ, ಜರ್ಮನಿಗಳಲ್ಲಿ ದಶಕಗಳ ಕಾಲ ಒಂದೊಂದು ತಲೆಮಾರಿನ ಓದನ್ನು ಬೆನ್ನುಹತ್ತಿದ ಅಧ್ಯಯನಗಳು ಇದಕ್ಕೆ ವಿರುದ್ಧವಾದುದನ್ನು ಹೇಳುತ್ತವೆ. ಇಪ್ಪತ್ತರ ಹರೆಯದಲ್ಲಿ ಪತ್ರಿಕೆಯ ರೂಢಿ ಇಲ್ಲದ ತಲೆಮಾರು ನಲವತ್ತಕ್ಕೆ ಬಂದಾಗಲೂ ಹೆಚ್ಚು ಓದುವುದಿಲ್ಲ. ವಯಸ್ಸು ಓದುಗನನ್ನು ತಯಾರಿಸುವುದಿಲ್ಲ, ಬೆಳೆಯುವಾಗ ಹತ್ತಿದ ರೂಢಿ ತಯಾರಿಸುತ್ತದೆ. ಹಾಗಾಗಿ ಕಾದು ನೋಡೋಣ ಎಂಬುದನ್ನು ನೀವು ಒಂದು ದಾರಿಯೆಂದು ಲೆಕ್ಕ ಹಿಡಿಯಬೇಡಿ.

ಹಾಗಾದರೆ ರೂಢಿ ಎಲ್ಲಿ ಕಡಿಯಿತು? ಮೊಬೈಲ್ ಎಂದು ಒಂದೇ ಮಾತಿನಲ್ಲಿ ಹೇಳುವುದು ಸುಲಭ, ಮತ್ತು 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾದದ್ದು ದೊಡ್ಡ ಕಾರಣವೇ ಸರಿ. ಆದರೆ ನಮ್ಮ ಜಿಲ್ಲೆಯಲ್ಲಿ ಅದಕ್ಕೂ ಮೊದಲೇ ಎರಡು ಎಳೆಗಳು ಸಡಿಲವಾಗಿದ್ದವು.

ಒಂದು, ಓದುವ ವಯಸ್ಸಿನವರು ಪತ್ರಿಕೆ ಬರುವ ಮನೆಯಲ್ಲಿ ಇಲ್ಲ. ಶಿರಸಿ, ಸಿದ್ದಾಪುರದ ತೋಟದ ಮನೆಗಳ ಮಕ್ಕಳು ಪಿಯುಸಿಗೇ ಹಾಸ್ಟೆಲ್ ಸೇರಿ, ಅಲ್ಲಿಂದ ಹುಬ್ಬಳ್ಳಿ, ಮಂಗಳೂರು, ಬೆಂಗಳೂರು ಎಂದು ಹೋಗುತ್ತಾರೆ. ಕಾರವಾರದ ಕಡೆಯ ಹುಡುಗರು ಕೆಲಸಕ್ಕೆಂದು ಗೋವೆಗೆ ಹೋಗಿ ಬರುತ್ತಾರೆ. ಪತ್ರಿಕೆ ಮನೆಗೆ ಬೀಳುವ ಮೊದಲೇ ಬಸ್ಸೋ ರೈಲೋ ಹತ್ತಿರುತ್ತಾರೆ. ನಿಮ್ಮ ಪತ್ರಿಕೆ ಅಂಚೆಯಲ್ಲಿ ಹಳ್ಳಿಯ ವಿಳಾಸಕ್ಕೆ ಪ್ರಾಮಾಣಿಕವಾಗಿ ತಲುಪುತ್ತಿದೆ, ಆದರೆ ಆ ವಿಳಾಸದಲ್ಲಿ ಈಗ ಅಪ್ಪ ಅಮ್ಮ ಇಬ್ಬರೇ ಇದ್ದಾರೆ. ಹುಡುಗ ಪತ್ರಿಕೆಯನ್ನು ಬಿಟ್ಟ ಎನ್ನುವುದಕ್ಕಿಂತ ವಿಳಾಸ ಬದಲಾದದ್ದನ್ನು ಪತ್ರಿಕೆ ಬರೆದುಕೊಳ್ಳಲಿಲ್ಲ ಎನ್ನುವುದು ಸರಿ.

ಇನ್ನೊಂದು, ಸಮಯ. ಪ್ರಸಾರ ವಿಭಾಗದಲ್ಲಿದ್ದಾಗ ತಿಂಗಳಿಗೆ ಎರಡು ಸಲವಾದರೂ ಬೆಳಗಿನ ಐದು ಗಂಟೆಗೆ ಶಿರಸಿಯ ಬಸ್ ನಿಲ್ದಾಣದಲ್ಲಿ ನಿಲ್ಲುತ್ತಿದ್ದೆ. ಹುಬ್ಬಳ್ಳಿಯಿಂದ ಬಂದ ವ್ಯಾನಿನಿಂದ ಕಟ್ಟುಗಳು ಬೀಳುತ್ತವೆ. ಮಳೆಗಾಲವಾದರೆ ಹೊರಗಿನ ನಾಲ್ಕು ಪ್ರತಿಗಳು ಪ್ಲಾಸ್ಟಿಕ್ ಸುತ್ತಿದ್ದರೂ ತೋಯ್ದು ಹೋಗಿರುತ್ತವೆ, ಏಜೆಂಟರು ಅವನ್ನು ಬೇರೆಯಿಟ್ಟು, ಪುರವಣಿ ಸೇರಿಸಿ, ಸೈಕಲ್ಲಿನ ಹುಡುಗರಿಗೆ ಹಂಚುತ್ತಾರೆ. ಘಟ್ಟ ಇಳಿದು ಕರಾವಳಿಗೆ ಹೋಗುವ ಪ್ರತಿಗಳಿಗೆ ಇನ್ನೂ ಎರಡು ಗಂಟೆ ಬೇಕು. ಇಷ್ಟು ದೂರ ತಲುಪಬೇಕಾದ ಆವೃತ್ತಿಯ ಪುಟಗಳನ್ನು ಹಿಂದಿನ ರಾತ್ರಿ ಬೇಗನೇ ಮುಚ್ಚಬೇಕಾಗುತ್ತದೆ. 2024ರ ಆಗಸ್ಟ್ 6ರ ರಾತ್ರಿ ಕಳೆದು 7ರ ನಸುಕಿನಲ್ಲಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದದ್ದು, ನಮ್ಮ ಜಿಲ್ಲೆಯ ಕಟ್ಟುಗಳು ಅಚ್ಚಾಗಿ ಹೊರಡುವ ಹೊತ್ತಿನಲ್ಲಿ. ಬೆಳಗಾಗುವಷ್ಟರಲ್ಲಿ ಸದಾಶಿವಗಡದ ಪ್ರತಿ ಫೋನಿನಲ್ಲೂ ಆ ದೃಶ್ಯವಿತ್ತು. ಆ ದಿನ ಕೈಗೆ ಬಂದ ಪತ್ರಿಕೆಯನ್ನು ಇಪ್ಪತ್ತೆರಡರ ಹುಡುಗ ಯಾವ ದೃಷ್ಟಿಯಿಂದ ನೋಡಿದನೆಂದು ಊಹಿಸಿಕೊಳ್ಳಿ. ನಿಮ್ಮದು ವಾರಪತ್ರಿಕೆಯಾದ್ದರಿಂದ ಈ ಓಟದಲ್ಲಿ ನೀವು ಮೊದಲಿನಿಂದಲೂ ಇರಲಿಲ್ಲ. ಅದು ನಿಮ್ಮ ಅದೃಷ್ಟವೆಂದೇ ನಾನು ಭಾವಿಸುತ್ತೇನೆ. ಕಾರಣ ಮುಂದೆ ಹೇಳುತ್ತೇನೆ.

ಇವೆರಡರ ಜೊತೆಗೆ ನಾವು ಬರೆಯುವ ರೀತಿಯ ತಪ್ಪೂ ಇದೆ, ಮತ್ತು ಇದನ್ನು ಒಪ್ಪಿಕೊಳ್ಳಲು ಸಂಪಾದಕರಿಗೆ ಕಷ್ಟವಾಗುತ್ತದೆ. ಯುವಕರ ಬಗ್ಗೆ ನಾವು ಬರೆಯುತ್ತೇವೆ, ಯುವಕರಿಗಾಗಿ ಬರೆಯುವುದಿಲ್ಲ. 'ಯುವಜನತೆ ದಾರಿ ತಪ್ಪುತ್ತಿದೆ' ಎಂಬ ಭಾಷಣದ ವರದಿ, ಸನ್ಮಾನದ ಫೋಟೊ, ಮುಖಂಡರ ಹುಟ್ಟುಹಬ್ಬದ ಪೂರ್ಣಪುಟದ ಶುಭಾಶಯ. ಯಾವುದೇ ಸ್ಥಳೀಯ ಪತ್ರಿಕೆಯ ಒಂದು ತಿಂಗಳ ಸಂಚಿಕೆಗಳನ್ನು ಹರಡಿಕೊಂಡು, ಮೂವತ್ತರೊಳಗಿನವರ ಮಾತನ್ನು ಎಷ್ಟು ವರದಿಗಳಲ್ಲಿ ಅವರ ಹೆಸರಿನೊಂದಿಗೆ ಉಲ್ಲೇಖಿಸಲಾಗಿದೆ ಎಂದು ಎಣಿಸಿ ನೋಡಿ. ಪರೀಕ್ಷೆಯಲ್ಲಿ ರ‍್ಯಾಂಕ್ ಪಡೆದವರು, ಅಪಘಾತದಲ್ಲಿ ಸತ್ತವರು ಮತ್ತು ಬಂಧಿತರಾದವರನ್ನು ಬಿಟ್ಟರೆ ಉಳಿಯುವವರು ಕಡಿಮೆ.

ಈಗ ನಿಮ್ಮ ಮುಂದಿರುವ ಸಲಹೆಗಳಿಗೆ ಬರುತ್ತೇನೆ. ಬಣ್ಣದ ಸಿನಿಮಾ ಪುಟ ಮತ್ತು ಇಂಗ್ಲಿಷ್ ಬೆರೆಸಿದ ಭಾಷೆಯ ದಾರಿಯನ್ನು ನಿಮಗಿಂತ ಬಹಳ ದೊಡ್ಡವರು ತುಳಿದಿದ್ದಾರೆ. 2002ರ ಅಕ್ಟೋಬರಿನಲ್ಲಿ ಅಮೆರಿಕದ ಷಿಕಾಗೊ ಟ್ರಿಬ್ಯೂನ್ ಯುವಕರಿಗೆಂದೇ 'ರೆಡ್‌ಐ' ಎಂಬ ಪುಟ್ಟ ದಿನಪತ್ರಿಕೆಯನ್ನು ಹೊರತಂದಿತು; ಅದರ ಪ್ರತಿಸ್ಪರ್ಧಿ ಸನ್-ಟೈಮ್ಸ್ ಕೂಡಲೇ ಅದೇ ಬಗೆಯ 'ರೆಡ್ ಸ್ಟ್ರೀಕ್' ತಂದಿತು. ಎರಡನೆಯದು 2005ರ ಕೊನೆಗೆ ನಿಂತಿತು. ಮೊದಲನೆಯದು ಬೆಲೆಗೆ ಆರಂಭವಾಗಿ ಉಚಿತ ಪತ್ರಿಕೆಯಾಗಿ, 2017ರಲ್ಲಿ ವಾರಕ್ಕೊಮ್ಮೆಗೆ ಇಳಿಯಿತು. ನಮ್ಮ ದೇಶದಲ್ಲಿ ಜಾಗರಣ್ ಸಂಸ್ಥೆ 2006ರಲ್ಲಿ ಹಿಂದಿ-ಇಂಗ್ಲಿಷ್ ಬೆರೆತ 'ಐ-ನೆಕ್ಸ್ಟ್' ಆರಂಭಿಸಿ ಉತ್ತರದ ನಗರಗಳಲ್ಲಿ ಒಂದಿಷ್ಟು ನೆಲೆ ಕಂಡಿತು. ಆದರೆ ಅದರ ಹಿಂದೆ ದೇಶದ ಅತಿ ದೊಡ್ಡ ಪತ್ರಿಕಾ ಸಮೂಹವೊಂದರ ಬಂಡವಾಳ, ಜಾಹೀರಾತು ವಿಭಾಗ, ಹಂಚಿಕೆಯ ಜಾಲ ಇದ್ದವು. ನಿಮ್ಮಲ್ಲಿ ಇರುವುದು ಎಂಟು ಪುಟ.

ನನ್ನ ಸೋಲು ಈ ಜಾತಿಯದೇ. ನಾವು ಗುರುವಾರಕ್ಕೊಮ್ಮೆ ನಾಲ್ಕು ಪುಟಗಳ ಯುವ ಪುರವಣಿ ಮಾಡಿದೆವು. ವಿಷಯ ನಿರ್ಧರಿಸುತ್ತಿದ್ದವರೆಲ್ಲ ನಲವತ್ತು ದಾಟಿದವರು. ಶೀರ್ಷಿಕೆಗಳಲ್ಲಿ 'ಮಗಾ', 'ಬಾಸ್' ಎಂದು ಬರೆಯಿಸಿದ್ದು ನಾನೇ. ಧಾರವಾಡದ ಒಂದು ಕಾಲೇಜಿನಲ್ಲಿ ಅಭಿಪ್ರಾಯ ಕೇಳಲು ಹೋದಾಗ ಹುಡುಗಿಯೊಬ್ಬಳು ತುಂಬ ಮರ್ಯಾದೆಯಿಂದ, 'ಸರ್, ಇದು ಅಪ್ಪನ ವಯಸ್ಸಿನವರು ನಮ್ಮ ಅಂಗಿ ಹಾಕಿಕೊಂಡ ಹಾಗಿದೆ' ಎಂದಳು. ಹದಿನಾಲ್ಕು ತಿಂಗಳಲ್ಲಿ ಜಾಹೀರಾತು ಬತ್ತಿ ಪುರವಣಿ ನಿಂತಿತು. ಅದಕ್ಕಿಂತ ದುಬಾರಿಯಾದ ಪೆಟ್ಟು ಬೇರೆಯದು: ಪುರವಣಿಗೆ ಜಾಗ ಮಾಡಲು ಒಳಪುಟದ ಕೃಷಿ ಅಂಕಣವನ್ನು ಅರ್ಧಕ್ಕೆ ಇಳಿಸಿದ್ದೆವು, ಅದನ್ನು ಓದುತ್ತಿದ್ದವರು ಸಿಟ್ಟಿನಿಂದ ಪತ್ರಿಕೆ ಬದಲಿಸಿದರು. ಬಾರದ ಓದುಗನಿಗಾಗಿ ಇದ್ದ ಓದುಗನನ್ನು ಕಳೆದುಕೊಳ್ಳುವುದು ಈ ದಾರಿಯ ದೊಡ್ಡ ಅಪಾಯ.

ಹೋಲಿಕೆಗೆ ಇನ್ನೆರಡು ಉದಾಹರಣೆಗಳಿವೆ. 2010ರಲ್ಲಿ ಬ್ರಿಟನ್ನಿನ ಇಂಡಿಪೆಂಡೆಂಟ್ ಪತ್ರಿಕೆ 'ಐ' ಎಂಬ ಚಿಕ್ಕ ದಿನಪತ್ರಿಕೆಯನ್ನು 20 ಪೆನ್ಸಿಗೆ ತಂದಿತು. ಅದು ಯಾವ ವಯಸ್ಸಿನ ವೇಷವನ್ನೂ ಹಾಕಲಿಲ್ಲ. ಸಮಯವಿಲ್ಲದವರಿಗೆ ಅದೇ ಗಂಭೀರ ಸುದ್ದಿಯನ್ನು ಅಡಕವಾಗಿ ಕೊಟ್ಟಿತು. 2016ರಲ್ಲಿ ತಾಯಿ ಪತ್ರಿಕೆಯ ಮುದ್ರಣ ನಿಂತರೂ ಮಗು ಬದುಕಿತು. ನಮ್ಮಲ್ಲೇ 1999ರಲ್ಲಿ ವಿಜಯ ಕರ್ನಾಟಕ ಬಂದಾಗ ಹೊಸ ಓದುಗರನ್ನು ತಂದದ್ದು ಯುವ ಪುಟವಲ್ಲ. ಕಡಿಮೆ ಬೆಲೆ, ಹಲವು ಕಡೆ ಮುದ್ರಣ, ಅದರಿಂದ ಬೇಗ ತಲುಪುವ ಸ್ಥಳೀಯ ಸುದ್ದಿ. ಚಿಕ್ಕದಾಗಿ ಹೇಳುವುದನ್ನು ನಾವು ಇನ್‌ಸ್ಟಾಗ್ರಾಮಿನಿಂದ ಕಲಿಯಬೇಕಾದ ಅಗತ್ಯವೂ ಇಲ್ಲ. ಅಂಕೋಲೆಯ ದಿನಕರ ದೇಸಾಯಿಯವರು 'ಜನಸೇವಕ' ವಾರಪತ್ರಿಕೆಯಲ್ಲಿ ನಾಲ್ಕೇ ಸಾಲಿನ ಚುಟುಕುಗಳಲ್ಲಿ ಹೇಳಿದ್ದನ್ನು ಗೇಣಿದಾರನೂ ಓದಿದ, ಜಮೀನುದಾರನೂ ಓದಿದ. ಒಂದು ಮಾತನ್ನು ಮಾತ್ರ ಅಚ್ಚುಕೂಟದ ಗೆಳೆಯರ ಪರವಾಗಿ ಒಪ್ಪುತ್ತೇನೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಕನ್ನಡವನ್ನು ನಿಧಾನವಾಗಿ ಓದುತ್ತಾರೆ, ಕಾರವಾರದ ಕೊಂಕಣಿ ಮನೆಗಳಲ್ಲಿ ಇದು ಇನ್ನೂ ಹೆಚ್ಚು. ಅವರಿಗೆ ಬೇಕಾದದ್ದು ಇಂಗ್ಲಿಷಿನ ಒಗ್ಗರಣೆಯಲ್ಲ, ಚಿಕ್ಕ ವಾಕ್ಯ, ದೊಡ್ಡ ಅಕ್ಷರ, ಮತ್ತು 'ಸದರಿ', 'ಮೇಲ್ಕಾಣಿಸಿದ' ಎಂಬ ಕಚೇರಿಯ ಪದಗಳಿಂದ ಬಿಡುಗಡೆ.

ಕಾಲೇಜಿಗೆ ಉಚಿತ ಪ್ರತಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಗತ್ತಿನ ಹಲವು ಪತ್ರಿಕೆಗಳು ಶಾಲಾ ಕಾಲೇಜುಗಳಲ್ಲಿ ಇಂಥ ಯೋಜನೆ ನಡೆಸುತ್ತವೆ. ಫ್ರಾನ್ಸಿನಲ್ಲಿ 2009ರಲ್ಲಿ ಸರ್ಕಾರವೇ ಕೈಜೋಡಿಸಿ 18ರಿಂದ 24 ವರ್ಷದವರಿಗೆ ಅವರೇ ಆರಿಸಿದ ದಿನಪತ್ರಿಕೆಯನ್ನು ವಾರಕ್ಕೊಂದು ದಿನ, ಒಂದು ವರ್ಷ ಉಚಿತವಾಗಿ ಕೊಡಿಸಿತು. ಅಲ್ಲಿ ಮೆಚ್ಚಬೇಕಾದ ಅಂಶ ಯಾವ ಪತ್ರಿಕೆ ಎಂಬ ಆಯ್ಕೆಯನ್ನು ಯುವಕನಿಗೇ ಬಿಟ್ಟದ್ದು. ನಮ್ಮ ಕಡೆ ಇನ್ನೂರು ಪ್ರತಿಗಳ ಕಟ್ಟು ಪ್ರಾಂಶುಪಾಲರ ಕೋಣೆಯ ಹೊರಗೆ ಬಿಚ್ಚದೆ ಬಿದ್ದು ತಿಂಗಳ ಕೊನೆಗೆ ರದ್ದಿಗೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಪಾಠಕ್ಕೆ ಬಳಸುವ ಒಬ್ಬ ಉಪನ್ಯಾಸಕರು ಸಿಕ್ಕರೆ ಅವರ ತರಗತಿಗೆ ಹತ್ತು ಪ್ರತಿ ಕೊಡಿ, ಇನ್ನೂರು ಬೇಡ.

ಆದರೆ ಪ್ರಾಂಶುಪಾಲರ ಕಾಲೇಜಿಗೆ ಒಮ್ಮೆ ಹೋಗಿ ಬನ್ನಿ, ಹಂಚಲು ಅಲ್ಲ, ನೋಡಲು. ಕಾರವಾರದ ಒಂದು ಹಾಸ್ಟೆಲಿನ ವಾಚನ ಕೋಣೆಗೆ ನಾನು ಆಗಾಗ ಹೋಗುತ್ತೇನೆ. ಅಲ್ಲಿನ ಉದ್ದ ಮೇಜಿನ ಮೇಲೆ ಹಳೆಯ ಪತ್ರಿಕೆಗಳನ್ನು ದಾರದಿಂದ ಪೋಣಿಸಿ ಇಟ್ಟಿರುತ್ತಾರೆ. ಮುಖಪುಟ ಹೊಸದರಂತೆ ಗರಿಗರಿಯಾಗಿರುತ್ತದೆ, ಸಂಪಾದಕೀಯದ ಪುಟವಂತೂ ಯಾರ ಬೆರಳೂ ಸೋಕದಂತೆ ಇರುತ್ತದೆ. ಒಳಪುಟಗಳಲ್ಲಿ ಮಾತ್ರ ಬ್ಲೇಡಿನಿಂದ ಕತ್ತರಿಸಿದ ಚೌಕಾಕಾರದ ಕಿಂಡಿಗಳು. ಏನನ್ನು ಕತ್ತರಿಸುತ್ತಾರೆ ಎಂದು ಕಾವಲುಗಾರರನ್ನು ಕೇಳಿದರೆ, 'ನೌಕರಿಯದ್ದು, ಸ್ಕಾಲರ್‌ಶಿಪ್ಪಿನದ್ದು. ಮತ್ತೆ ಬಾಡಿಗೆ ರೂಮಿಂದು' ಎಂದರು. ಯುವ ಓದುಗರಿಗೆ ಏನು ಬೇಕು ಎಂದು ನಾನು ಕಂಡ ಅತ್ಯಂತ ನಂಬಲರ್ಹ ಸಮೀಕ್ಷೆ ಆ ಕಿಂಡಿಗಳೇ.

ಅಕ್ಕನ ಮಗನ ರೀಲ್ಸ್ ಸಲಹೆಯಲ್ಲಿ ಅರ್ಧ ಸತ್ಯವಿದೆ. ಓದುಗರು ಇರುವಲ್ಲಿಗೆ ನೀವು ಹೋಗಬೇಕು. 2019ರಿಂದ ವಾಷಿಂಗ್ಟನ್ ಪೋಸ್ಟಿನಂಥ ಪತ್ರಿಕೆಯೂ ಟಿಕ್‌ಟಾಕ್‌ನಲ್ಲಿ ಹಾಸ್ಯದ ತುಣುಕುಗಳನ್ನು ಮಾಡಿತು. ಆದರೆ ನೋಡಿದವರು ಚಂದಾದಾರರಾಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಿ. ಭಾರತೀಯ ಓದುಗರ ಸಮೀಕ್ಷೆಯಲ್ಲಿ ತಿಂಗಳಲ್ಲಿ ಒಮ್ಮೆ ಕಣ್ಣಾಡಿಸಿದವರನ್ನೂ 'ಒಟ್ಟು ಓದುಗರು' ಎಂದು ಎಣಿಸುತ್ತಿದ್ದರು, ದಿನಪತ್ರಿಕೆಯನ್ನು ನಿನ್ನೆ ಓದಿದವರನ್ನು ಬೇರೆಯಾಗಿ ಲೆಕ್ಕ ಹಾಕುತ್ತಿದ್ದರು. ಜಾಹೀರಾತಿನವರು ಮೊದಲ ಸಂಖ್ಯೆಯನ್ನು ನಿಮಗೆ ತೋರಿಸಿದಾಗ ಎರಡನೆಯದನ್ನು ಕೇಳಬೇಕು. ರೀಲ್ಸಿನ ವೀಕ್ಷಣೆ ಮೊದಲ ಸಂಖ್ಯೆಗಿಂತಲೂ ತೆಳುವಾದದ್ದು. ಇನ್ನು, ಆ ಜಾಗ ನಿಮ್ಮದಲ್ಲ. 2018ರ ಆರಂಭದಲ್ಲಿ ಫೇಸ್‌ಬುಕ್ ತನ್ನ ಲೆಕ್ಕಾಚಾರ ಬದಲಿಸಿ ಸುದ್ದಿಯನ್ನು ಕೆಳಗಿಳಿಸಿದಾಗ ಅದನ್ನೇ ನಂಬಿದ್ದ ಪತ್ರಿಕೆಗಳ ಓದುಗರು ಒಮ್ಮೆಲೇ ಕರಗಿದರು. ಗೇಣಿ ಭೂಮಿಯಲ್ಲಿ ಅಡಿಕೆ ಸಸಿ ನೆಡುವವನಿಗೆ ಇರಬೇಕಾದಷ್ಟು ಎಚ್ಚರ ಇಲ್ಲೂ ಬೇಕು: ತರಕಾರಿ ಬೆಳೆಯಿರಿ, ತೋಟ ಮಾಡಬೇಡಿ.

ಹಾಗಾದರೆ ನಿಮ್ಮ ಒಂದೇ ಪ್ರಯೋಗಕ್ಕೆ ನಾನು ಏನನ್ನು ಸೂಚಿಸುತ್ತೇನೆ? ಮೂವರೂ ಹೇಳದ ಒಂದನ್ನು. ಹಣವನ್ನು ಕಾಗದದ ಬಣ್ಣಕ್ಕೂ ಕ್ಯಾಮೆರಾಕ್ಕೂ ಹಾಕದೆ ಮೂರು ಜನ ಯುವ ವರದಿಗಾರರಿಗೆ ಹಾಕಿ, ಮತ್ತು ಅವರು ತರುವುದನ್ನು ವಾರವಿಡೀ ಫೋನಿನಲ್ಲಿ, ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಕೊಡಿ.

ಒಬ್ಬರು ಶಿರಸಿಯ ಕಾಲೇಜಿನಲ್ಲಿ ಓದುತ್ತಿರುವವರು, ಒಬ್ಬರು ಕರಾವಳಿಯವರು, ಇನ್ನೊಬ್ಬರು ಬೆಂಗಳೂರಿನಲ್ಲಿ ಬಾಡಿಗೆ ಕೋಣೆಯಲ್ಲಿರುವ ನಮ್ಮ ಜಿಲ್ಲೆಯವರು ಆಗಿರಲಿ. ಪ್ರತಿ ವರದಿಗೂ ಹಣ ಕೊಡಿ, ಹೆಸರು ಹಾಕಿ. 'ಅನುಭವ ಸಿಗುತ್ತದೆ' ಎಂದು ಪುಕ್ಕಟೆ ದುಡಿಸಿಕೊಂಡರೆ ಮೂರನೆಯ ತಿಂಗಳಿಗೆ ಅವರು ಇರುವುದಿಲ್ಲ, ಮತ್ತು ನಿಮ್ಮ ಬಗ್ಗೆ ಅವರ ಹಾಸ್ಟೆಲಿನಲ್ಲಿ ಒಳ್ಳೆಯ ಮಾತು ಇರುವುದಿಲ್ಲ. ಅವರಿಗೆ ವಹಿಸಬೇಕಾದದ್ದು ಆ ಕಿಂಡಿಗಳ ವಿಷಯವನ್ನು: ಈ ವಾರ ಯಾವ ನೇಮಕಾತಿಯ ಕೊನೆಯ ದಿನ, ವಿದ್ಯಾರ್ಥಿವೇತನದ ಅರ್ಜಿ ಎಲ್ಲಿ ಸಿಕ್ಕಿಕೊಂಡಿದೆ, ಬಸ್ ಪಾಸಿನ ಸಾಲು ಏಕೆ ಕರಗುತ್ತಿಲ್ಲ, ಜಾತಿ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ನಿಜವಾಗಿ ಎಷ್ಟು ದಿನ ಹಿಡಿಯುತ್ತಿದೆ. ಇವು ಸಣ್ಣ ಸುದ್ದಿಗಳೆಂದು ನಿಮಗೆ ಅನ್ನಿಸಬಹುದು. ಬೇಡ್ತಿ-ವರದಾ ನದಿ ಜೋಡಣೆಯ ಬಗ್ಗೆ ನೀವು ಬರೆಯುವ ಗಂಭೀರ ಲೇಖನವನ್ನು ಅದೇ ಹುಡುಗ ಓದಬೇಕಾದರೆ ಮೊದಲು ಅವನು ನಿಮ್ಮ ಮನೆಯ ಮೆಟ್ಟಿಲು ಹತ್ತಬೇಕು, ಹತ್ತುವುದು ಇಂಥ ಕೆಲಸಕ್ಕಾಗಿ.

ರೂಢಿ ಹತ್ತಿಸಲು ನಮ್ಮ ಜಿಲ್ಲೆಯಲ್ಲಿ ಒಂದು ಹೊತ್ತು ತಾನಾಗಿಯೇ ಒದಗಿದೆ. ಜೂನ್ ಮತ್ತು ಜುಲೈನಲ್ಲಿ ರಾತ್ರಿಯಿಡೀ ಮಳೆ ಹೊಡೆದ ಬೆಳಗ್ಗೆ ಆರು ಗಂಟೆಗೆ ಪ್ರತಿ ಪಿಯುಸಿ ವಿದ್ಯಾರ್ಥಿಯೂ ಒಂದೇ ಸುದ್ದಿಗಾಗಿ ಕಾಯುತ್ತಿರುತ್ತಾನೆ: ಜಿಲ್ಲಾಧಿಕಾರಿ ರಜೆ ಘೋಷಿಸಿದ್ದಾರೆಯೇ, ಯಾವ ಯಾವ ತಾಲ್ಲೂಕಿಗೆ, ಕಾಲೇಜಿಗೂ ಇದೆಯೇ? ಆ ಹೊತ್ತಿಗೆ ಹಳೆಯ ವರ್ಷದ ಆದೇಶದ ದಿನಾಂಕ ತಿದ್ದಿದ ನಕಲಿ ಪ್ರತಿಗಳು ವಾಟ್ಸ್‌ಆ್ಯಪಿನಲ್ಲಿ ಸುತ್ತುತ್ತಿರುತ್ತವೆ. ನೀವು ಆರೂವರೆಯೊಳಗೆ ಕಚೇರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡು, 'ನಿಜ' ಅಥವಾ 'ಸುಳ್ಳು' ಎಂದು ನಿಮ್ಮ ಪತ್ರಿಕೆಯ ಹೆಸರಿನಲ್ಲಿ ಒಂದು ಸಾಲು ಕಳಿಸಿ. ಒಂದು ಮಳೆಗಾಲ ತಪ್ಪದೆ ಇದನ್ನು ಮಾಡಿದರೆ, ಘಟ್ಟ ರಸ್ತೆ ಬಂದ್ ಆಯಿತೇ, ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರೇ ಎಂಬ ಪ್ರಶ್ನೆಗಳಿಗೂ ಅವರು ನಿಮ್ಮನ್ನೇ ನೋಡುತ್ತಾರೆ. ವಾರಪತ್ರಿಕೆಯಾಗಿರುವುದು ಅದೃಷ್ಟ ಎಂದೆನಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಮೊದಲು ಹೇಳಬೇಕೆಂಬ ಚಟ ನಿಮಗೆ ಅಂಟಿಲ್ಲ; ತಡವಾದರೂ ಸರಿಯಾಗಿ ಹೇಳುವುದು ನಿಮ್ಮ ಕಸುಬು.

ಇದರ ಅಪಾಯಗಳೂ ಸಣ್ಣವಲ್ಲ. ಒಂದು ಸಲ ತಪ್ಪು ರಜೆ ಹೇಳಿದರೆ ಇಡೀ ಕಾಲೇಜು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದು ನಮ್ಮ ಕಡೆಯವರಿಗೆ ಬೇರೆಯಾಗಿ ಹೇಳಬೇಕಿಲ್ಲ. ಖಚಿತವಾಗದಿದ್ದರೆ 'ಇನ್ನೂ ಖಚಿತವಾಗಿಲ್ಲ' ಎಂದೇ ಕಳಿಸಿ. ಹೊಸ ವರದಿಗಾರರು ಅಪಘಾತದ ಫೋಟೊ, ಅಪ್ರಾಪ್ತರ ಹೆಸರು, ಪೊಲೀಸ್ ಠಾಣೆಯ ಗಾಳಿಮಾತು ಇವುಗಳಲ್ಲಿ ಎಡವುತ್ತಾರೆ, ಅದಕ್ಕೆ ಕಾನೂನಿನ ಎದುರು ಸಂಪಾದಕರಾದ ನೀವೇ ಹೊಣೆ. ಆದ್ದರಿಂದ ಪ್ರತಿ ಸಾಲೂ ನಿಮ್ಮ ಕಣ್ಣಿನ ಕೆಳಗೆ ಹಾದು ಹೋಗಲಿ.

ವಾಟ್ಸ್‌ಆ್ಯಪ್ ಗುಂಪು ಮಾಡಬೇಡಿ, ಚಾನೆಲ್ ಮಾಡಿ. ಗುಂಪಿನಲ್ಲಿ ಪ್ರತಿಯೊಬ್ಬರ ಫೋನ್ ಸಂಖ್ಯೆ ಉಳಿದೆಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳು ಸುದ್ದಿಯ ಗುಂಪುಗಳಿಂದ ಸದ್ದಿಲ್ಲದೆ ಹೊರಹೋಗುವುದು ಬಹುಮಟ್ಟಿಗೆ ಇದರಿಂದ, ಸುದ್ದಿಯ ಮೇಲಿನ ಬೇಸರದಿಂದಲ್ಲ. ಭಾರತದಲ್ಲಿ 2023ರ ಸೆಪ್ಟೆಂಬರಿನಲ್ಲಿ ಬಂದ ಚಾನೆಲ್ ವ್ಯವಸ್ಥೆಯಲ್ಲಿ ಹಿಂಬಾಲಿಸುವವರ ಫೋನ್ ಸಂಖ್ಯೆ ಬೇರೆ ಹಿಂಬಾಲಕರಿಗೆ ಕಾಣುವುದಿಲ್ಲ. ಕಾಲೇಜುಗಳಲ್ಲಿ ಹಾಳೆ ಹಿಡಿದು ಫೋನ್ ಸಂಖ್ಯೆ ಬರೆಸಿಕೊಳ್ಳುವ ಹಳೆಯ ಪದ್ಧತಿಯನ್ನೂ ಬಿಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ, ಪಿಯುಸಿ ಮಕ್ಕಳಲ್ಲಿ ಹೆಚ್ಚಿನವರು ಆ ವಯಸ್ಸಿನವರೇ. ಇನ್ನೊಂದು ವಿಷಯ: 2024ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಪತ್ರಿಕಾ ನೋಂದಣಿಯ ಹೊಸ ಕಾಯ್ದೆ ನಿಮ್ಮ ಮುದ್ರಿತ ವಾರಪತ್ರಿಕೆಗೆ ಸಂಬಂಧಿಸಿದ್ದು, ಅಂತರ್ಜಾಲದಲ್ಲಿ ಸುದ್ದಿ ಪ್ರಕಟಿಸಲು ಹೊರಟರೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಬೇರೆಯಾಗಿ ಅನ್ವಯಿಸುತ್ತವೆ, ದೂರು ಸ್ವೀಕರಿಸುವ ಅಧಿಕಾರಿಯೊಬ್ಬರನ್ನು ನೇಮಿಸಿ ಹೆಸರು ಪ್ರಕಟಿಸಬೇಕಾಗುತ್ತದೆ. ಚಿಕ್ಕ ಪತ್ರಿಕೆಯಲ್ಲಿ ಆ ಅಧಿಕಾರಿ ಬಹುಶಃ ನೀವೇ ಆಗಿರುತ್ತೀರಿ. ಆರಂಭಿಸುವ ಮೊದಲು ವಕೀಲರೊಬ್ಬರೊಡನೆ ಅರ್ಧ ಗಂಟೆ ಕುಳಿತುಕೊಳ್ಳಿ.

ಹಣ ಎಲ್ಲಿಂದ ಬರುತ್ತದೆ ಎಂದು ನೀವು ಕೇಳಿಲ್ಲ, ಆದರೆ ಕೇಳಬೇಕಾದದ್ದು ಅದೇ. ಊರಿನಲ್ಲಿರುವ ವಿದ್ಯಾರ್ಥಿಯಿಂದ ಚಂದಾ ನಿರೀಕ್ಷಿಸಬೇಡಿ; ಅವನ ಕೈಯಲ್ಲಿ ಹಣವಿಲ್ಲ. ಹಣ ಕೊಡಬಲ್ಲವನು ಬೆಂಗಳೂರಿನಲ್ಲಿ ಮೊದಲ ಸಂಬಳ ಎಣಿಸುತ್ತಿರುವವನು. 'ಅಪ್ಪ ಓದುತ್ತಿದ್ದರು, ನಿಲ್ಲಿಸಿಬಿಡಿ' ಎಂದು ಫೋನಿನಲ್ಲಿ ಹೇಳಿದ ಮಗನಿದ್ದಾನಲ್ಲ, ಅವನನ್ನೇ ನಾನು ನಿಮ್ಮ ಮೊದಲ ಹೊಸ ಓದುಗನೆಂದು ಪರಿಗಣಿಸುತ್ತೇನೆ. ಆ ಫೋನನ್ನು ಇಡುವ ಮೊದಲು, ಶನಿವಾರ ಬೆಳಗ್ಗೆ ಊರಿನ ವಾರದ ಸುದ್ದಿಯನ್ನು ಎರಡು ಪುಟಗಳಲ್ಲಿ ಅವನ ಫೋನಿಗೆ ಕಳಿಸಬಹುದೇ, ಮೂರು ತಿಂಗಳು ಉಚಿತ, ಆಮೇಲೆ ಬೇಕೆನ್ನಿಸಿದರೆ ಯುಪಿಐನಲ್ಲಿ ವರ್ಷದ ಚಂದಾ ಎಂದು ಕೇಳಿ. ತೋಟ ಮಾರುವುದೋ ಉಳಿಸಿಕೊಳ್ಳುವುದೋ ಎಂದು ಯೋಚಿಸುತ್ತಿರುವ, ಅಮ್ಮ ಒಬ್ಬಳೇ ಇರುವ ಊರಿನ ರಸ್ತೆ ಮಳೆಗೆ ಕೊಚ್ಚಿಹೋಯಿತೇ ಎಂದು ಚಿಂತಿಸುವ ಮನುಷ್ಯ ಅವನು. ಇಡೀ ಪತ್ರಿಕೆಯ ಪಿಡಿಎಫ್ ಕಳಿಸಬೇಡಿ. ಅದು ಒಂದೇ ದಿನದಲ್ಲಿ ಹತ್ತು ಗುಂಪುಗಳಿಗೆ ಹೋಗಿ ಹಣ ಕೊಟ್ಟು ಓದುವವರ ಚಂದಾವನ್ನೂ ತಿನ್ನುತ್ತದೆ. ಫಲಿತಾಂಶವನ್ನು ಅಳೆಯುವಾಗ ಹಿಂಬಾಲಕರನ್ನು ಎಣಿಸದೆ, ಹತ್ತು ತಿಂಗಳ ನಂತರ ಮೂವತ್ತರೊಳಗಿನವರಲ್ಲಿ ತಮ್ಮದೇ ಹಣದಿಂದ ಚಂದಾ ಕಟ್ಟಿದವರು ಎಷ್ಟು ಎಂಬುದೊಂದನ್ನೇ ನೋಡಿ. ಐವತ್ತು ಜನ ಸಿಕ್ಕರೆ ಮುಂದುವರಿಸಿ. ಐದೇ ಜನ ಸಿಕ್ಕರೆ ನಿಲ್ಲಿಸಿ, ನನ್ನ ಸಲಹೆ ತಪ್ಪೆಂದು ಬರೆಯಿರಿ.

ಕೊನೆಯದಾಗಿ ಅಡಿಕೆ ಧಾರಣೆ. ತೆಗೆಯಬೇಡಿ. ರಾಶಿ, ಚಾಲಿ, ಬೆಟ್ಟೆ ಎಂಬ ಅಡಿಕೆಯ ಬಗೆಗಳ ಅಂದಿನ ದರ ಸಂಜೆಯೊಳಗೆ ಎಲ್ಲರ ಫೋನಿಗೂ ಬರುತ್ತದೆ, ಆದ್ದರಿಂದ ವಾರದ ಕೊನೆಗೆ ಬರೀ ಅಂಕಿಗಳನ್ನು ಅಚ್ಚು ಹಾಕುವುದರಲ್ಲಿ ಅರ್ಥವಿಲ್ಲ ಎಂಬಷ್ಟು ಮಾತ್ರ ನಿಮ್ಮ ಟೀಕಾಕಾರರು ಹೇಳುವುದರಲ್ಲಿ ಸರಿ. ಅಂಕಿಗಳನ್ನು ಚಾನೆಲ್ಲಿಗೆ ಕಳಿಸಿ, ಅಂಕಣದಲ್ಲಿ ಈ ವಾರ ಚಾಲಿ ಏಕೆ ಇಳಿಯಿತು, ಆವಕ ಹೆಚ್ಚಾಯಿತೇ, ವ್ಯಾಪಾರಿಗಳು ಏನು ಕಾಯುತ್ತಿದ್ದಾರೆ ಎಂಬುದನ್ನು ಹದಿನೈದು ಸಾಲುಗಳಲ್ಲಿ ಬರೆಯಿಸಿ. ಬರೆಯಲು ಆ ಶಿರಸಿಯ ಕಾಲೇಜಿನ ವರದಿಗಾರನನ್ನೇ ಮಾರುಕಟ್ಟೆಯ ಟೆಂಡರಿಗೆ ಕಳಿಸಿ. ಮೊದಲ ಎರಡು ವಾರ ನೀವೂ ಜೊತೆಗೆ ಹೋಗಿ.